ಗುಂಪಿಗೆ ಸೇರದ ಯಜಮಾನ

ಮುಧೋಳದ ಬೇಟೆನಾಯಿಯನ್ನಾದರೂ ರೊಟ್ಟಿ ಹಾಕಿ ಒಲಿಸಿಕೊಳ್ಳಬಹುದು, ನಮ್ಮ ಮಾಮಾನ ಕಂಪ್ಯೂಟರನ್ನು ಒಲಿಸಿಕೊಳ್ಳುವುದು ಸಾಧ್ಯವೇ ಇರಲಿಲ್ಲ! ಮಾಮಾ ಅಂದರೆ ನನ್ನ ಅವ್ವನ ತಮ್ಮ. ಆ ಕಂಪ್ಯೂಟರು ಬೇರೆಯವರನ್ನಿರಲಿ, ಅವನನ್ನೇ ಹೊಸ್ತಿಲಾಚೆ ನಿಲ್ಲಿಸಿತ್ತು.

ಬಸ್ ನಿಲ್ದಾಣದ ಹತ್ತಿರ ಅವನದು ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ. ಅಂಗಡಿಯ ಕಂಪ್ಯೂಟರು ನಡೆಯುವುದು ವಿಂಡೋಸ್ ಮೇಲೆ, ಮನೆಯದು ಲಿನಕ್ಸ್ ಮೇಲೆ. ಯಾಕಪ್ಪಾ ಈ ಎರಡು ಸಂಸಾರ ಎಂದು ಕೇಳಿದರೆ, ಕುರಿ ಸಾಕಿದ ಮನೆತನದವನಲ್ಲವೇ, ಉತ್ತರವೂ ಕುರಿಯದೇ.

"ಲೇ ಅಳಿಯಾ, ಲಿನಕ್ಸಿನ್ಯಾಗ ಒಂದೊಂದ ಫೈಲಿಗೂ ಕುರಿಗಿದ್ದಂಗ ಕಿವಿ ಗುರುತು ಇರತೈತಿ. ಯಾರ್ದು, ಯಾವ ಹಿಂಡಿಂದು, ಎಲ್ಲಾ ತಿಳಿತೈತಿ. ಪೆನ್ ಡ್ರೈವಿಗೆ ಹಾಕಿ ಅಂಗಡಿಗೆ ಒಯ್ದಿ ಅಂದ್ರ ಗುರುತೆಲ್ಲಾ ಅಳಿಸಿ ಹೋಗತೈತಿ. ಆಮ್ಯಾಲ ಯಾರ ಕುರಿ ಯಾರ ಹಟ್ಟ್ಯಾಗೋ!"

ಮನೆಯ ಕಂಪ್ಯೂಟರಿನಲ್ಲಿ ಅವನ ಹೆಂಡತಿ, ಅಂದರೆ ನಮ್ಮ ಅತ್ತೆಗೊಂದು ಖಾತೆ, ಕೈಕೆಲಸಕ್ಕಿದ್ದ ನನಗೊಂದು ಖಾತೆ. ನಾವೆಲ್ಲ ಒಬ್ಬರ ಫೈಲನ್ನು ಒಬ್ಬರು ತೆರೆಯಲೆಂದು 'ಮನಿ ಮಂದಿ' ಎಂಬ ಗುಂಪನ್ನು ಮಾಮಾನೇ ಕಟ್ಟಿದ್ದ. ಗುಂಪಿನಲ್ಲಿ ಇಲ್ಲದವರಿಗೆ ಬಾಗಿಲು ಬಂದ್!

ಒಂದು ದಿನ ಗಲಗಲಿಯಿಂದ ಗಿರಾಕಿಯೊಬ್ಬರು ಬಂದು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದರು. ಅವರ ಮಗಳ ಲಗ್ನಪತ್ರಿಕೆ ಟೈಪ್ ಮಾಡಿದ್ದವಳು ಅತ್ತೆ. ಮಾಮಾ ಠೀವಿಯಿಂದ ಫೈಲ್ ಒತ್ತಿದ. ನಿಮಗೆ ಅನುಮತಿ ಇಲ್ಲ ಎಂದಿತು! ಮತ್ತೆ ಒತ್ತಿದ. ಯಂತ್ರಕ್ಕೇನು ದಾಕ್ಷಿಣ್ಯ? ರೊಟ್ಟಿ ಬಡಿಯುತ್ತಿದ್ದ ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ನೋಡಿದಳು.

"ರೀ, ಗುಂಪಿನ್ಯಾಗ ನಾ ಅದೇನಿ, ಅಳಿಯಾ ಅದಾನ. ನೀವ ಇಲ್ಲಲ್ರೀ!"

"ನಾ ಮನಿ ಯಜಮಾನಲೇ. ನನಗ್ಯಾಕ ಗುಂಪು?"

"ಅದನ್ನ ಅದಕ್ಕ ಹೇಳ್ರಿ."

ನಕ್ಕ ನಗುವಿಗೆ ಗಲಗಲಿಯವರ ಚಹಾ ಅವರ ಅಂಗಿಯ ಮೇಲಾಯಿತು. ತನ್ನ ಹೆಸರು ಸೇರಿಸಿಕೊಳ್ಳುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಮಾಮಾ ಸೇರಿಸಿಕೊಂಡನೇ? ಇಲ್ಲ! ಅಂದಿನಿಂದ ಪ್ರತಿ ಫೈಲಿಗೂ "ಏ, ಬಾ ಇಲ್ಲೆ, ಬಾಗಲಾ ತಗಿ" ಎಂದು ಕೂಗುವುದು, ಅತ್ತೆ ಗೊಣಗುತ್ತ ಬರುವುದು. ವರ್ಷಗಟ್ಟಲೆ ಇದೇ ನಡೆಯಿತು.

ಅತ್ತೆ ತನ್ನ ತವರು ಬಾಡಗಂಡಿಯಲ್ಲಿ ಕಲಿತ ಬೀಸುವ ಪದಗಳನ್ನು, ಬೀಸುಕಲ್ಲಿನ ಮುಂದೆ ಹೇಳುವ ಹಾಡುಗಳನ್ನು, ಬಿಡುವಾದಾಗ ಅದೇ ಕಂಪ್ಯೂಟರಿನಲ್ಲಿ ಹಾಡಿ ರೆಕಾರ್ಡ್ ಮಾಡಿಟ್ಟಿದ್ದಳು. ಅವಳು ತೀರಿಕೊಂಡ ಮರುವರ್ಷ ಕಂಪ್ಯೂಟರೂ ಸುಟ್ಟುಹೋಯಿತು. ಫೈಲುಗಳಿದ್ದ ಹಳೆಯ ಡಿಸ್ಕ್ ಮಾತ್ರ ಉಳಿದಿತ್ತು, ಅದನ್ನು ಹೊಸ ಯಂತ್ರಕ್ಕೆ ಜೋಡಿಸಿದೆವು. ಹಾಡುಗಳಿದ್ದವು, ತೆರೆಯಲಿಲ್ಲ. ಒಡತಿಯ ಹೆಸರಿರಬೇಕಾದಲ್ಲಿ ಬರೀ ಒಂದು ಅಂಕಿ, ಹಳೆಯ ಯಂತ್ರ ಅವಳ ಖಾತೆಗೆ ಕೊಟ್ಟಿದ್ದ ಸಂಖ್ಯೆ. ಹೊಸ ಯಂತ್ರಕ್ಕೆ ಅತ್ತೆ ಯಾರೆಂದೇ ಗೊತ್ತಿರಲಿಲ್ಲ.

"ಮಾಮಾ, ಎಲ್ಲಾ ನಿನ್ನ ಹೆಸರಿಗೆ ಮಾಡಿಬಿಡ್ತೇನಿ. ಒಂದ ನಿಮಿಷದ ಕೆಲಸ."

"ಖಬರದಾರ್! ಆಕಿ ತವರಿಂದ ಹೊಡ್ಕೊಂಡು ಬಂದ ಕುರಿಗಿ ನಮ್ಮ ಮನ್ಯಾಗ ಯಾರೂ ಗುರುತು ಬದಲ ಮಾಡಿಲ್ಲ. ಆಕಿ ಹಾಡಿಗೆ ಮಾಡ್ತೀಯೇನ?"

ಅದು ನಿಜ. ಸೊಸೆ ತಂದ ಕುರಿಗೆ, ಅದರ ಮರಿಗೂ, ಸೊಸೆಯದೇ ಗುರುತು. ಇದು ಆ ಮನೆಯ ಪದ್ಧತಿ. ಮಾಮಾ ಹೊಸ ಯಂತ್ರದಲ್ಲಿ ಅತ್ತೆಯ ಹೆಸರಿಗೆ ಖಾತೆ ತೆರೆದು, ಅದೇ ಅಂಕಿ ಕೊಟ್ಟ. ಅಂಕಿ ಹೋಗಿ ಅವಳ ಹೆಸರು ಬಂತು. 'ಮನಿ ಮಂದಿ' ಗುಂಪನ್ನೂ ಮೊದಲಿನಂತೆ ಕಟ್ಟಿದ. ಆಮೇಲೆ, ಸುಮ್ಮನೆ, ಅದರಲ್ಲಿ ತನ್ನ ಹೆಸರು ಬರೆದ.

"ಇಷ್ಟ ದಿನಾ ಯಾಕ ಸೇರಿದ್ದಿಲ್ಲ ಮಾಮಾ?" ಎಂದು ಛೇಡಿಸಿದೆ.

"ಸೇರಿದ್ರ ಆಕಿನ್ನ ಕರಿಯಾಕ ನೆವಾ ಎಲ್ಲಿ ಇರ್ತಿತ್ತಲೇ?"

ಮಾಮಾ ಮೊದಲನೆಯ ಹಾಡನ್ನು ಒತ್ತಿದ. ಯಾರನ್ನೂ ಕೂಗದೆ ಅದು ತೆರೆಯಿತು.