ಸ್ಟುಡಿಯೊಗೆ ಬಂದ ಬೀಸುಕಲ್ಲು

ಪುಣೆಯ ಬಿಬವೇವಾಡಿಯ ಒಂದು ರೆಕಾರ್ಡಿಂಗ್ ಸ್ಟುಡಿಯೊದಲ್ಲಿ ನಾನು ಮ್ಯಾನೇಜರು. ಗೋಡೆಗೆಲ್ಲ ಸ್ಪಂಜು ಬಡಿದು ಹೊರಗಿನ ಸದ್ದು ತಡೆದಿದ್ದೇವೆ. ಒಳಗಿನ ನಗು ತಡೆಯೋದಕ್ಕೆ ಮಾತ್ರ ಇನ್ನೂ ಏನೂ ಸಿಕ್ಕಿಲ್ಲ.

ಈ ಸಲದ ಕಾರಣ ನಾವೆಲ್ಲ 'ಅಕ್ಕ' ಅನ್ನುವ, ಕಲಬುರಗಿ ಕಡೆಯಿಂದ ಪುಣೆಗೆ ಬಂದ ಜನಪದ ಗಾಯಕಿ. ವರ್ಷಗಟ್ಟಲೆ ಕೀಬೋರ್ಡು, ಡಿಜೆ ಜೊತೆ ಹಾಡಿ ಹೆಸರು ಮಾಡಿದವರು ಒಂದು ದಿನ, "ಈ ಆಲ್ಬಮ್‌ನ್ಯಾಗ ನಮ್ಮವ್ವ ಹಾಡಿದಂಗ ಹಾಡ್ತೀನ್ರಿ. ಏಕತಾರಿ, ತಾಳ, ಸಾಕು" ಅಂದರು. ನಮ್ಮ ಮಾಲೀಕರು ಮರಾಠಿಯವರು. ಒಪ್ಪಿದರು, ಆದರೆ ಒಂದು ಷರತ್ತು: ಒಂದೇ ಒಂದು ಹಾಡು ಸಪ್ಪೆಯಾದರೂ ಎಲ್ಲಕ್ಕೂ ಕೀಬೋರ್ಡು.

ಪೆಟ್ಟಿಗೆ

ಮೊದಲ ದಿನ ಕೀಬೋರ್ಡಿನ ಹುಡುಗ ಅಭ್ಯಾಸಬಲದಿಂದ ಬಂದೇಬಿಟ್ಟ. "ಅಕ್ಕಾ, ಏಕತಾರಿ ಸೌಂಡೂ ಇದರಲ್ಲೇ ಇದೆ" ಎಂದು ಗುಂಡಿ ಒತ್ತಿ ತೋರಿಸಿದ.

ಅಕ್ಕ ಕಣ್ಣು ಮುಚ್ಚಿ ಕೇಳಿದರು. "ಭಾಳ ಛಲೋ ಅದ ತಮ್ಮಾ. ನನ್ನ ಸೌಂಡೂ ಅದರಾಗ ಹಾಕಿಬಿಡು, ನಾ ಮನ್ಯಾಗ ಮಲಕೋತೀನಿ."

ಹಿಟ್ಟು

ಬೀಸುವ ಹಾಡಿಗೆ ಬೀಸುಕಲ್ಲೇ ಬಂತು. ಕಲ್ಲು ತಿರುಗದಿದ್ದರೆ ಅಕ್ಕನಿಗೆ ಉಸಿರು ಹೊಂದುವುದಿಲ್ಲ. ಜೋಳದ ಸದ್ದಿಗೆ ತಲೆಕೆಟ್ಟ ರೆಕಾರ್ಡಿಸ್ಟು, "ಖಾಲಿ ಕಲ್ಲೇ ತಿರುಗಿಸಿ" ಅಂದ.

"ಖಾಲಿ ಕಲ್ಲು ಬೀಸಬಾರ್ದ್ರಿ, ಮನಿಗೆ ಒಳ್ಳೇದಲ್ಲ."

ಸರಿ, ಜೋಳ ಹಾಕಿಯೇ ಶುರು. ಹಾಡಿನ ಎಳೆತವೂ ಕಲ್ಲಿನ ಸುತ್ತೂ ಒಂದಾದಾಗ ನನಗೆ ಮೈ ಜುಮ್ಮೆಂದಿತು. ರೆಕಾರ್ಡಿಸ್ಟಿಗೆ ಮಾತ್ರ ಸಮಾಧಾನವಿಲ್ಲ. "ಇನ್ನೊಂದು ಟೇಕ್." ಆಮೇಲೆ, "ಇನ್ನೊಂದೇ ಒಂದು."

ಅಕ್ಕ ಬೆವರೊರೆಸಿಕೊಂಡು ಕೇಳಿದರು, "ಖರೇ ಹೇಳ್ರಿ, ನಿಮ್ಮ ಮನ್ಯಾಗ ಹಿಟ್ಟು ತೀರೇದೇನು?"

ಬೀಗರು

ಕೊನೆಗೆ ಉಳಿದದ್ದು ಬೀಗರ ಹಾಡು, ಅಂದರೆ ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಬೈದು ಹಾಡುವ ಹಾಡು. ಗಾಜಿನ ಕೋಣೆಯಲ್ಲಿ ಒಬ್ಬರೇ ನಿಂತ ಅಕ್ಕ ಎಷ್ಟು ಹಾಡಿದರೂ ಸಪ್ಪೆ. ಮಾಲೀಕರು ಕೀಬೋರ್ಡಿನವನನ್ನು ಕರೆಯಲು ಮೊಬೈಲ್ ತೆಗೆದರು.

"ಎದುರಿಗೆ ಬೀಗ ಇಲ್ಲಂದ್ರ ಯಾರಿಗಂತ ಬೈಲಿ?" ಅಕ್ಕ ನನ್ನ ಕಿವಿಯಲ್ಲಿ ಅಂದರು. "ಅವರನ್ನ ಕುಂದರಸ್ರಿ."

"ಅಕ್ಕಾ, ಅವರು ಮಾಲೀಕರು!"

"ಬೀಗರೂ ಹಂಗ ಇರ್ತಾರ."

ಅಕ್ಕನ ಎದುರಿಗೆ ಕುರ್ಚಿ ಹಾಕಿ ಮಾಲೀಕರನ್ನು ಕೂರಿಸಿದೆ. ಅಕ್ಕ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ದನಿ ಎತ್ತಿದರು:

"ಹೊಟ್ಟಿ ಮೊದಲ ಬಂತವ್ವ, ಬೀಗ ಹಿಂದ ಬಂದಾನ
ಒಂದು ಕಪ್ಪು ಚಾದಾಗ ನಾಕು ಮಂದಿಗೆ ಹಂಚ್ಯಾನ!"

ಕನ್ನಡದ ಗಂಧವಿಲ್ಲದ ಮಾಲೀಕರು ತೊಡೆ ತಟ್ಟಿ ತಾಳ ಹಾಕಿದರು. ಒಂದೇ ಟೇಕ್. ಎಂಥಾ ಕಂಠ, ಎಂಥಾ ಕೆಚ್ಚು! ಮಾಲೀಕರು ಮೊಬೈಲನ್ನು ಜೇಬಿಗಿಟ್ಟು ಮರಾಠಿಯಲ್ಲಿ, "ಇದಕ್ಕೆ ಕೀಬೋರ್ಡ್ ಯಾಕೆ? ಎಷ್ಟು ಅಕ್ಕರೆಯಿಂದ ಹಾಡಿದರು!" ಅಂದರು.

ಅಷ್ಟಕ್ಕೇ ಬಿಡಲಿಲ್ಲ, ಮನೆಯಲ್ಲೂ ಕೇಳಿಸಿದ್ದಾರೆ. ಅವರ ಹೆಂಡತಿ ಸೊಲ್ಲಾಪುರದವರು, ಕನ್ನಡ ಚೆನ್ನಾಗಿ ಬಲ್ಲವರು. ಮರುದಿನ ಆಕೆಯ ಫೋನ್ ಬಂದಾಗ, ನನ್ನ ನೌಕರಿ ಹೋಯಿತು ಅಂತಲೇ ಎತ್ತಿದೆ.

ಆಕೆ ಅಂದರು, "ಮ್ಯಾನೇಜರ್ ಮ್ಯಾಡಮ್, ಅಷ್ಟಕ್ಕ ಯಾಕ ನಿಲ್ಲಿಸಿದ್ರಿ? ಅಕ್ಕಗ ಹೇಳ್ರಿ, ಇನ್ನೊಂದು ಆಲ್ಬಮ್ ಆಗೋವಷ್ಟು ಇವರ ಸುದ್ದಿ ನನ್ನ ಹತ್ರ ಅದ."