ಅಳಿಯನ ಎಣ್ಣೆಗೆ ನಾನು ಕೊಟ್ಟ ಸಂಸ್ಕಾರ

ಮೂವತ್ತು ವರ್ಷ ಪ್ರವಚನ ಹೇಳಿದ ನಾನು ಮೋಟಾರು ಎಣ್ಣೆಯ ರಹಸ್ಯವನ್ನೂ ಭೇದಿಸಿಯೇ ತೀರುವೆನೆಂದು ಸಂಕಲ್ಪ ಮಾಡಿದೆ! ಮೂರೇ ದಿನದಲ್ಲಿ ಭೇದಿಸಿದೆ. ಡಬ್ಬಿಯ ಮೇಲೆ ‘ಐದು ಡಬ್ಲ್ಯೂ ನಲವತ್ತು’ ಎಂದಿದ್ದರೆ, ಮೊದಲ ಅಂಕಿ ಎಣ್ಣೆ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆಂದು ತಿಳಿಸುತ್ತದೆ. ಎರಡನೆಯದು, ಕಾವಿನಲ್ಲಿ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆಂದು. ಭಕ್ತನ ಲಕ್ಷಣವೂ ಇದೇ ಎಂದು ಮೋಟೆಬೆನ್ನೂರಿನ ಪ್ರವಚನದಲ್ಲಿ ಸಾರಿದೆ. ಟ್ರ್ಯಾಕ್ಟರ್ ಇದ್ದವರು ಹೆಚ್ಚಾಗಿ ತಲೆದೂಗಿದರು.

ಅಳಿಯ ವಿಜಯಮಹಾಂತೇಶನಿಗೂ ನನ್ನ ಮೇಲೆ ಭರವಸೆ ಹುಟ್ಟಿತು. ಅವನು ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರಿ. ಬಿಡುವಾದಾಗ ಕಾರಿನ ಪಂದ್ಯಗಳಿಗೆ ಹೋಗುವವನು. ಬ್ಯಾಡಗಿಯ ನಮ್ಮ ಮನೆಗೆ ಬಂದು ಒಂದು ಬಾಟಲಿ ಕೊಟ್ಟ.

“ಮಾವಾರ, ಎಂಜಿನ್ನಿನ್ಯಾಗಿಂದ ತಗದ ಎಣ್ಣಿ ಐತ್ರಿ ಇದು. ಲ್ಯಾಬಿಗೆ ಕೊರಿಯರ್ ಮಾಡ್ರಿ. ಒಳಗ ಏನರ ಸವದಿದ್ರ ಇದರಾಗ ಲೋಹದ ಚೂರು ಸಿಗತಾವ. ಸಿಕ್ರ ಭಾನುವಾರದ ಪಂದ್ಯಕ್ಕ ಹೋಗೂದಿಲ್ಲ. ಜೋರ ಓಡಸುವಾಗ ಎಂಜಿನ್ ಜಾಮ್ ಆತಂದ್ರ ನನ್ನ ಕತಿ ಮುಗೀತ್ರಿ.”

ಅವನು ಹೋದ ಮೇಲೆ ಮುಚ್ಚಳ ತೆರೆದೆ. ಶಿವಶಿವಾ! ಕಾಡಿಗೆಗಿಂತ ಕಪ್ಪು! ನಮ್ಮ ಮನೆಯ ವಿಳಾಸ ಬರೆದು ಇಂಥ ಮಲಿನ ವಸ್ತುವನ್ನು ಪರವೂರಿನ ವಿದ್ಯಾವಂತರ ಮುಂದೆ ಇಡುವುದೆ? ಸ್ನಾನ ಮಾಡಿಸದೆ ಮಗುವನ್ನು ಮಠಕ್ಕೆ ಕಳುಹಿಸಿದಂತಾಗದೆ? ಒಗೆದ ಶಲ್ಯವನ್ನು ನಾಲ್ಕು ಪದರ ಮಾಡಿ ಮೂರು ಬಾರಿ ಸೋಸಿದೆ. ಆಗಲೂ ಬಣ್ಣ ತಿಳಿಯಾಗದಿರಲು, ಮುಕ್ಕಾಲು ಪಾಲು ಹೊಸ ಎಣ್ಣೆ ಬೆರೆಸಿದೆ. ಗ್ರೇಡ್ ಮಾತ್ರ ಅದೇ ‘ಐದು ಡಬ್ಲ್ಯೂ ನಲವತ್ತು’; ಕಲಿತ ವಿದ್ಯೆ ಕೈಬಿಡಲಿಲ್ಲ! ಬಾಟಲಿಯನ್ನು ಲ್ಯಾಬಿಗೆ ಕೊರಿಯರ್ ಮಾಡಿದೆ.

ಶುಕ್ರವಾರ ಅಳಿಯನ ಫೋನು. “ಮಾವಾರ, ರಿಪೋರ್ಟ್ ಬಂತ್ರಿ! ಎಂಜಿನ್ ಹೊಸಾದ ಇದ್ದಂಗ ಐತಂತ! ನಾಳೆ ನಸುಕಿನ್ಯಾಗ ಹೊಂಡತೇನ್ರಿ.”

ಆಶೀರ್ವದಿಸಿ ಫೋನಿಟ್ಟೆ. ಅಷ್ಟರಲ್ಲಿ ಧರ್ಮಪತ್ನಿ ನೀಲಗಂಗವ್ವ ಹಿತ್ತಲಿನಿಂದ ಶಲ್ಯ ಹಿಡಿದು ಬಂದಳು.

“ಏನ್ರಿ, ಈ ಬಿಳಿ ಶಲ್ಯಾಕ ಮಿಂಚು ಯಾವಾಗ ಹಚ್ಚಿಸಿದ್ರಿ?”

ಕರಿ ಕಲೆಯ ನಡುವೆ ಲೋಹದ ಚೂರುಗಳು ನಕ್ಷತ್ರಗಳಂತೆ ಹೊಳೆಯುತ್ತಿದ್ದವು. ನಡೆದದ್ದನ್ನು ಅವಳಿಗೆ ಹೇಳಿದೆ.

“ಫೋನ್ ನೀವ ಹಚ್ಚತೀರೋ, ನಾ ಹಚ್ಚಲೋ?”

“ಅಳಿಯನ ಮುಂದ ನನ್ನ ಮಾನ ಹೋಗತೈತಲ್ಲ…”

“ಮಗಳ ಕುಂಕುಮಕ್ಕಿಂತ ದೊಡ್ಡದೇನ್ರಿ ನಿಮ್ಮ ಮಾನ?”

ನಾನೇ ಹಚ್ಚಿದೆ. ಒಂದೂ ಬಿಡದೆ ಹೇಳಿದೆ.

“ಮಾವಾರ, ಆ ಶಲ್ಯ ಒಗೀಬ್ಯಾಡ್ರಿ. ಮೇಸ್ತ್ರಿಗೆ ತೋರಸಬೇಕು.”

ಮೇಸ್ತ್ರಿ ಎಂಜಿನ್ ಬಿಚ್ಚಿದಾಗ ಬೇರಿಂಗ್ ಸವೆದು ಕಾಗದದಂತಾಗಿತ್ತು. ಪಂದ್ಯ ತಪ್ಪಿತು, ಅಳಿಯ ಉಳಿದ.

ಭಗವಂತನ ಕೃಪೆಯ ಈ ಪ್ರಸಂಗವನ್ನು ಅಗಡಿಯ ಪ್ರವಚನದಲ್ಲಿ ದೃಷ್ಟಾಂತವಾಗಿ ಹೇಳಲು ಬರೆದಿಟ್ಟೆ: “ಒಂದಾನೊಂದು ಊರಿನಲ್ಲಿ ಒಬ್ಬ ಅವಿವೇಕಿ ಇದ್ದನು…”

ನೀಲಗಂಗವ್ವ ಹಾಳೆಯನ್ನು ಎತ್ತಿಕೊಂಡು, ಮೊದಲಿನಿಂದ ಕೊನೆಯವರೆಗೂ ಓದಿ, ಹಿಂಬದಿಯನ್ನೂ ತಿರುವಿ ನೋಡಿದಳು.

“ನಿಮ್ಮ ಹೆಸರ ಎಲ್ಲೂ ಕಾಣವಲ್ದಲ್ರಿ. ಇದನ್ನೂ ಸೋಸೀರೇನು?”