ದೊಡ್ಮನೆಯಲ್ಲಿ ಬೇಡ ಅಂದಿದ್ದು

ನಮ್ಮ ಮನೆಯವರೆಲ್ಲ ಎಲ್ಲಿಗೆ ಊಟಕ್ಕೆ ಹೋದ್ರೂ ಏನಾದ್ರೊಂದು ಎಡವಟ್ಟು ಆಗೇ ಆಗುತ್ತೆ. ಇದನ್ನ ಮಾತ್ರ ನಾನು ಇನ್ನೂ ಯಾರಿಗೂ ಹೇಳಿಲ್ಲ.

ಅಜ್ಜ ಹೋದ್ಮೇಲೆ ಅಜ್ಜಿ ಊಟ ಬಿಟ್ಟೇ ಬಿಟ್ಟಂಗಾಗಿತ್ತು. ಎರಡು ತುತ್ತು ತಿಂದು "ಸಾಕು" ಅಂತಿದ್ರು. "ಇನ್ನೊಂಚೂರು ಹಾಕ್ಲಾ?" ಅಂದ್ರೆ "ಬ್ಯಾಡ". ನಾವು ಪಾತ್ರೆ ಮುಚ್ಚಿಡ್ತಿದ್ವಿ. ಸೀರೆ ಸಡಿಲ ಆಗಿ ಆಗಿ ಅಜ್ಜಿ ಪಿನ್ನು ಹಾಕ್ಕೊಳಕ್ಕೆ ಶುರು ಮಾಡಿದ್ರು. ಜಾಗ ಬದಲಾದ್ರೆ ಊಟ ಸೇರಬಹುದು ಅಂತ ಡಾಕ್ಟರ್ ಹೇಳಿದ್ದಕ್ಕೆ, ಅಪ್ಪ ಅಂಗಡಿ ಬಾಗಿಲು ಹಾಕಿ ಶಿಕಾರಿಪುರದಿಂದ ನಮ್ಮನ್ನೆಲ್ಲ ಸೊರಬದ ಹತ್ರ ಒಂದು ದೊಡ್ಮನೆಗೆ ಕರ್ಕೊಂಡು ಹೋದ್ರು. ಹಿಂದೆ ಗೌಡರ ಮನೆಯಂತೆ. ಈಗ ಅಲ್ಲಿ ಉಳ್ಕೊಂಡು ಹಳೇ ಕಾಲದ ಊಟ ಮಾಡಬಹುದು.

೧. ಒರಳು

ಒಳಗೆ ಹೋಗ್ತಿದ್ದಂಗೆ ಮ್ಯಾನೇಜರ್ ಒಂದು ಒರಳು ತೋರಿಸಿದ್ರು. ಅದರಲ್ಲಿ ನೀರು ತುಂಬಿ ಹೂವು ತೇಲಿಬಿಟ್ಟಿದ್ರು. "ಗೌಡರ ಅಜ್ಜಿ ಕಾಲದ್ದು, ಮುಟ್ಟಬೇಡಿ ಅಮ್ಮ."

ಅಜ್ಜಿ ಹತ್ರ ಹೋದ್ರು. ಬಗ್ಗಿ ನೋಡಿದ್ರು. "ನಮ್ಮನೇದ್ರಾಗೆ ನಾಯಿ ನೀರು ಕುಡೀತದೆ," ಅಂದ್ರು. "ಹೂವು ಹಾಕಿದ್ರೆ ಕುಡಿಯಲ್ಲ."

೨. ಸಾಕ್ರೀ

ಮಧ್ಯಾಹ್ನ ಬಾಳೆಲೆ ಹಾಕಿದ್ರು. ಎಲ್ಲಾನೂ ಒಂದೊಂದು ಚಮಚ. ಬಿಳಿ ಅಂಗಿಯವರು ಬಂದು ಅಪ್ಪಂಗೆ "ಹೋಳಿಗೆ ಹಾಕ್ಲಾ ಸರ್?" ಅಂದ್ರು.

"ಬೇಡ ಬೇಡ, ಸಾಕ್ರೀ."

ಅವರು ಹೋಗೇಬಿಟ್ರು.

ನಮ್ಮ ಕಡೆ ಮೊದಲನೇ ಸಲ ಬೇಡ ಅನ್ನಬೇಕು. ಎರಡನೇ ಸಲ ಎಲೆ ಮೇಲೆ ಕೈ ಅಡ್ಡ ಇಡಬೇಕು. ಆಮೇಲೆ ಬಡಿಸೋರು ಬೈಕೊಂಡು ಹಾಕಬೇಕು. ಇಲ್ಲಿ ಎರಡನೇ ಸಲ ಯಾರೂ ಬರಲೇ ಇಲ್ಲ. ಪಲ್ಯ, ಕೋಸಂಬರಿ, ಹಪ್ಪಳ, ಎಲ್ಲ ಹಂಗೇ ನಮ್ಮ ಮುಂದಿಂದ ಹೋದ್ವು.

"ಹೂಂ ಅನ್ನಬಾರದಾ?" ಅಂತ ಅಮ್ಮ ಮೆಲ್ಲಗೆ ಕೇಳಿದ್ರು.

"ಕೇಳಿದ ತಕ್ಷಣ ಹೂಂ ಅಂದ್ರೆ ಊಟ ಕಂಡಿಲ್ಲ ಅಂದ್ಕೋತಾರೆ ಕಣೇ."

ಅಜ್ಜಿ ಎರಡೇ ತುತ್ತು ತಿಂದಿದ್ರು. ಕೈ ತೊಳೆಯೋವಾಗ ಮ್ಯಾನೇಜರ್ ಅಪ್ಪಂಗೆ ಹೇಳಿದ್ರು, "ನಿಮ್ಮಷ್ಟು ಮಿತವಾಗಿ ಊಟ ಮಾಡೋ ಫ್ಯಾಮಿಲಿ ನಾನು ನೋಡೇ ಇಲ್ಲ ಸರ್." ಅಪ್ಪ ರೂಮಿಗೆ ಬಂದು ದಾರಿಗೆ ಅಂತ ತಂದಿದ್ದ ಬಿಸ್ಕತ್ತೆಲ್ಲ ತಿಂದ್ರು.

೩. ಅಡುಗೆಮನೆ ಬಾಗಿಲು

ಸಂಜೆ ಅಪ್ಪ ನನ್ನನ್ನೇ ಕಳಿಸಿದ್ರು. "ಹೋಗಿ ಅಡುಗೆಯವರಿಗೆ ಹೇಳು, ನಾವು ಬೇಡ ಅಂದ್ರೂ ಬಿಡಬೇಡಿ ಅಂತ. ಅಜ್ಜಿಗಂತೂ ಬಿಡಲೇಬಾರದು."

ನಾನು ಅಂಗಡಿಯವರ ಹತ್ರ ಚಿಲ್ಲರೆ ಕೇಳಕ್ಕೂ ಹೆದರೋಳು. ಆ ವಾಕ್ಯನ ಬಾಯಿಪಾಠ ಮಾಡ್ಕೊಂಡು ಹೋದೆ. ಕೈಲಿದ್ದ ಪುಸ್ತಕ ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತೆ. ಅಡುಗೆಯಮ್ಮ ತಿರುಗಿ, "ಏನ್ ಬೇಕು ಪುಟ್ಟಿ?" ಅಂದ್ರು.

"ಏನೂ ಬೇಡ," ಅಂದು ವಾಪಸ್ ಬಂದೆ.

೪. ಪಾಯಸ

ರಾತ್ರಿ ಶಾವಿಗೆ ಪಾಯಸ ಬಂತು. "ಹಾಕ್ಲಾ ಅಮ್ಮ?" ಅಂತ ಬಿಳಿ ಅಂಗಿಯವರು ಅಜ್ಜಿನ ಕೇಳಿದ್ರು. "ಬ್ಯಾಡಪ್ಪ." ಅವರು ಪಾತ್ರೆ ನನ್ನ ಪಕ್ಕದ ಟೇಬಲ್ ಮೇಲಿಟ್ಟು ಒಳಗೆ ಹೋದ್ರು. ಅಜ್ಜಿ ಎಲೆ ಮಡಚಕ್ಕೆ ಹೊರಟಿದ್ರು.

ಅಜ್ಜ ಇದ್ದಿದ್ರೆ ಮಡಚಕ್ಕೆ ಬಿಡ್ತಿರಲಿಲ್ಲ. ನಾವು ಮಾತ್ರ ಇಷ್ಟು ದಿನ ಮನೇಲಿ ಈ ಬಿಳಿ ಅಂಗಿಯವರ ಥರಾನೇ ಬಡಿಸ್ತಿದ್ವಿ. ಅಷ್ಟು ಹೊತ್ತಿಗೆ ನಾನು ಎದ್ದು ಸೌಟು ಹಿಡ್ಕೊಂಡಿದ್ದೆ.

"ಬ್ಯಾಡ ಪುಟ್ಟಿ."

ಹತ್ರ ಹೋದೆ.

"ಬ್ಯಾಡಂದ್ನಲ್ಲ," ಅಂತ ಎಲೆ ಮೇಲೆ ಕೈ ಅಡ್ಡ ಇಟ್ರು. ಒಂದು ಸೌಟು ಪಾಯಸ ಪೂರ್ತಿ ಅವರ ಕೈ ಮೇಲೇ ಸುರಿದೆ.

ಅಮ್ಮ ಬಾಯಿಗೆ ಸೆರಗು ಇಟ್ಕೊಂಡ್ರು. ಅಜ್ಜಿ ಕೈನ ಒಂದು ಗಳಿಗೆ ನೋಡಿದ್ರು. ಆಮೇಲೆ ನೆಕ್ಕಿದ್ರು.

"ಆರೋಗೇತಿ," ಅಂದ್ರು. "ನಿಮ್ಮಜ್ಜ ಸುರಿದ್ರೆ ಕೈ ಸುಡ್ತಿತ್ತು."

ಅಜ್ಜಿ ಕಣ್ಣು ಒರೆಸ್ಕೊಳಕ್ಕೆ ಹೋಗಿ ಹಣೆಗೂ ಶಾವಿಗೆ ಮೆತ್ಕೊಂಡ್ರು. "ಏನ್ ನೋಡ್ತೀ, ಹಾಕು," ಅಂತ ಕೈ ತೆಗೆದ್ರು. ಹಾಕಿದೆ. ಮತ್ತೆ ಬ್ಯಾಡ ಅಂದ್ರು, ಮತ್ತೆ ಹಾಕಿದೆ.

ಪಾತ್ರೆ ಇಡೋಣ ಅಂತ ತಿರುಗಿದೆ. ಅಪ್ಪ ಎರಡೂ ಕೈ ಎಲೆ ಮೇಲೆ ಅಡ್ಡ ಇಟ್ಟು, ನನ್ನ ಸೌಟನ್ನೇ ನೋಡ್ತಾ, ಕೇಳೋಕೆ ಮುಂಚೆನೇ "ಬೇಡ, ಬೇಡ" ಅಂತ ಕೂತಿದ್ರು.